ಬೂದು ಕಾಗದದ ನೆಂಟರು

ನಾನು ಕೆಲಸ ಮಾಡುವುದು ಅಮೆರಿಕದ ಹೇವರ್ಡ್ ಕಡೆಯ ಒಂದು ಸರ್ಕಾರಿ ಕಚೇರಿಯ ಖರೀದಿ ವಿಭಾಗದಲ್ಲಿ. ಪೆನ್ಸಿಲಿನಿಂದ ಹಿಡಿದು ಕಸದ ಲಾರಿಯವರೆಗೆ ಆದಷ್ಟೂ ಪರಿಸರಕ್ಕೆ ಹಾನಿಯಾಗದ್ದನ್ನೇ ಕೊಳ್ಳುತ್ತೇವೆ. ಅದನ್ನು ನೋಡಿ ಕಲಿಯಲು, ಹಿಂದೆ ಸೋವಿಯತ್ ಒಕ್ಕೂಟದಲ್ಲಿದ್ದ ಸಣ್ಣ ದೇಶವೊಂದರಿಂದ ಇಬ್ಬರು ಬಂದಿದ್ದರು: ದಪ್ಪ ಮೀಸೆಯ ಹಿರಿಯ ಅಧಿಕಾರಿ, ಅವರ ಕೈಕೆಳಗಿನ ಯುವತಿ. ಊರಿಗೆ ಮರಳುವ ಮೊದಲು, ಶಾಲೆಯ ನೋಟ್‌ಬುಕ್ಕುಗಳಿಗೆ ಮರುಬಳಕೆಯ ಕಾಗದ ಕೊಳ್ಳಲು ಆ ಅಧಿಕಾರಿಯನ್ನು ಒಪ್ಪಿಸಬೇಕೆಂಬುದೇ ಅವಳ ಆಸೆ. ಕಡಿಮೆ ಬೆಲೆಯದನ್ನೇ ಕೊಳ್ಳಬೇಕೆಂಬ ತಮ್ಮ ದೇಶದ ಕಾನೂನಿನಲ್ಲಿ ಅವಳು ಹೇಗೋ ದಾರಿ ಹುಡುಕಿಕೊಂಡಿದ್ದಳು. ಅಧಿಕಾರಿಯ ಮನಸ್ಸಿಗೆ ಮಾತ್ರ ದಾರಿ ಸಿಕ್ಕಿರಲಿಲ್ಲ.

"ಬೂದು ಕಾಗದ! ನಮ್ಮ ಬಾಲ್ಯವೆಲ್ಲ ಅದರಲ್ಲೇ ಹೋಯ್ತು. ಬರೆದರೆ ಶಾಯಿ ಹರಡೋದು. ಸರ್ಕಾರವೇ ಮಕ್ಕಳಿಗೆ ಬಡತನ ಕೊಂಡುಕೊಡಬೇಕೇನು?" ಎಂದು ಅವರು ನಮ್ಮ ಕಚೇರಿಯ ಮರುಬಳಕೆಯ ಕಾಗದವನ್ನು ಮುಟ್ಟಲೂ ಇಲ್ಲ.

ಅವರು ಹೊರಡುವ ಹಿಂದಿನ ದಿನ ಬೆರ್ರಿಯೆಸಾದ ನಮ್ಮ ಮನೆಗೆ ಊಟಕ್ಕೆ ಕರೆದೆ. ಮಂಡ್ಯದ ನಮ್ಮತ್ತೆ ಹೋಳಿಗೆ, ಪಲಾವು, ಕೋಸಂಬರಿ ಎಲ್ಲ ಮಾಡಿ ಮೇಜು ತುಂಬಿಸಿದ್ದರು. ನೀರು ತರಲೆಂದು ಅಡುಗೆಮನೆಗೆ ಹೋದ ಅಧಿಕಾರಿ, ಒಲೆಯ ಪಕ್ಕದ ಪಾತ್ರೆಯ ಮುಚ್ಚಳ ತೆಗೆದೇಬಿಟ್ಟರು.

"ಅಯ್ಯಯ್ಯೋ, ಅದು ಮುದ್ದೆ ಕಣವ್ವ! ನಂಗೆ ಮಾಡ್ಕಂಡಿದ್ದು. ಮುಚ್ಬುಡಿ ಅನ್ನು!" ಎಂದು ಅತ್ತೆ ನನ್ನನ್ನು ತಿವಿದರು.

"ಇದನ್ಯಾಕೆ ಬಚ್ಚಿಟ್ಟಿದ್ದಾರೆ?" ಎಂದರು ಅವರು.

"ರಾಗಿ ಸರ್. ಕಪ್ಪಗಿದೆ, ಬಡವರ ಊಟ, ನೆಂಟರ ಮುಂದೆ ಇಡೋಕೆ ನಾಚಿಕೆ ಅವರಿಗೆ."

"ಅಜ್ಜಿ, ಇಟ್ಸ್ ಹೆಲ್ತ್ ಫುಡ್!" ಎಂದಳು ನನ್ನ ಮಗಳು.

"ಸುಮ್ಕಿರೇ, ಕಂಡಿದೀನಿ."

ಅಧಿಕಾರಿ ಮುದ್ದೆಯನ್ನು ನೋಡಿದರು, ಆಮೇಲೆ ಆ ಯುವತಿಯನ್ನು. ಅವಳು ತುಟಿ ಕಚ್ಚಿಕೊಂಡು ತಟ್ಟೆ ನೋಡುತ್ತಿದ್ದಳು. ಮೀಸೆ ಕುಣಿಯುವಂತೆ ನಕ್ಕುಬಿಟ್ಟರು. "ನಮ್ಮಮ್ಮನೂ ಕರಿಯ ಬ್ರೆಡ್ಡನ್ನು ಹೀಗೇ ಮುಚ್ಚಿಡುತ್ತಿದ್ದಳು. ನನಗೊಂದು ಬಡಿಸಿ."

"ಅಗೀಬ್ಯಾಡಿ ಅನ್ನವ್ವ, ನುಂಗ್ಬೇಕು!"

ಅವರು ಅಗಿದರು. ಹಲ್ಲಿಗೆ ಮೆತ್ತಿಕೊಂಡಿತು. ಎರಡನೆಯ ತುತ್ತು ಸಾರಿನಲ್ಲಿ ಜಾರಿ ಒಳಗೆ ಹೋಯಿತು.

ಕೈ ತೊಳೆದು ಬಂದವರೇ, "ಎಲ್ಲಿ ಆ ಕಾಗದ?" ಎಂದು ಯುವತಿಯ ಮುಂದೆ ಕೈಚಾಚಿದರು. ನಮ್ಮ ಕಚೇರಿಯಿಂದ ತಂದ ಹಾಳೆ ಅವಳ ಚೀಲದಲ್ಲೇ ಇತ್ತು. ಜೇಬಿನಿಂದ ಶಾಯಿಯ ಪೆನ್ನು ತೆಗೆದು ತಮ್ಮ ಲಿಪಿಯಲ್ಲಿ ಎರಡು ಸಾಲು ಬರೆದರು, ಕಾಗದವನ್ನು ಬೆಳಕಿಗೆ ಹಿಡಿದರು. ಶಾಯಿ ಹರಡಿರಲಿಲ್ಲ.

"ಬೂದು ಬಣ್ಣವೂ ಇಲ್ಲವಲ್ಲ!"

"ಬಂದಾಗಿನಿಂದ ಅದನ್ನೇ ಹೇಳ್ತಾ ಇದ್ದೀನಿ ಸರ್."

"ಸರಿ. ಮೊದಲು ಒಂದು ಜಿಲ್ಲೆಯ ಶಾಲೆಗಳಿಗೆ ಕೊಳ್ಳೋಣ."

ಅವಳು ಎದ್ದವಳೇ ಅತ್ತೆಯನ್ನು ಬಾಚಿ ತಬ್ಬಿಕೊಂಡಳು. ಊಟದ ನಡುವೆ ಇದ್ದ ಅತ್ತೆ ಎಂಜಲು ಕೈಯನ್ನು ಮೇಲೆತ್ತಿ ಹಿಡಿದುಕೊಂಡು ನನ್ನತ್ತ ನೋಡಿದರು:

"ಇವ್ಳಿಗೂ ಮುದ್ದೆ ಬೇಕಂತಾ?"