ಮೊದಲೇ ಕೊಟ್ಟ ಹಡಗಿನ ರೊಕ್ಕ

ನಾನು ಸಿಂದಗಿ ಡಿಪೋದಲ್ಲಿ ಬಸ್ ಕಂಡಕ್ಟರ್ ಆಗಿದ್ದವನು. ಸಿಂದಗಿಯಿಂದ ಬಸವನ ಬಾಗೇವಾಡಿ, ಅಲ್ಲಿಂದ ಮುದ್ದೇಬಿಹಾಳ, ಮತ್ತೆ ವಾಪಸ್. ನಡುವೆ ಕೆಲವು ವರ್ಷ ಇಂಡಿ ಕಡೆಗೆ, ಕೆಲವು ವರ್ಷ ವಿಜಾಪುರಕ್ಕೆ. ಆ ನೌಕರಿಯಲ್ಲಿ ನನಗೊಂದೇ ಮಂತ್ರ: ಮೊದಲು ರೊಕ್ಕ, ಆಮೇಲೆ ಸೀಟು. "ಇಳಿಯೂ ಮುಂದ ಕೊಡತೇನ್ರಿ" ಅಂದವರನ್ನು ನಾನು ಮುಂದಿನ ಸ್ಟಾಪಿನಲ್ಲೇ ಇಳಿಸಿದ್ದಿದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇತ್ತು, ಈಗಲೂ ಹಾಗೇ ಇದೆ ಅನ್ನುತ್ತಾರೆ. ಇಂಥ ನಾನು, ನನ್ನ ಹೆಂಡತಿ ಹಡಗಿನ ಪ್ರವಾಸಕ್ಕೆ ಪೂರ್ತಿ ರೊಕ್ಕ ಮೊದಲೇ ಕಟ್ಟುತ್ತೇನೆ ಅಂದಾಗ ಹೌಹಾರಿಬಿಟ್ಟೆ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿದ್ದ ಕಾಲ ಅದು. ವಿಜಾಪುರದಲ್ಲಿ ಪ್ರವಾಸದ ಕಚೇರಿ ನಡೆಸುತ್ತಿದ್ದ ಒಬ್ಬರು ಸೋಮವಾರಕ್ಕೊಮ್ಮೆ ನನ್ನ ಬಸ್ಸಿನಲ್ಲಿ ಬರುತ್ತಿದ್ದರು. ಕಾಶಿ, ರಾಮೇಶ್ವರ ಎಂದು ಮಂದಿಯನ್ನು ಕರೆದೊಯ್ಯುವುದು ಅವರ ದಂಧೆ. ಒಂದು ಸಲ ಅವರ ಕೈಯಲ್ಲಿ ಹೊಸ ಕರಪತ್ರ ಕಂಡಿತು. ಮುಂಬಯಿಯಲ್ಲಿ ಹಡಗು ಹತ್ತುವುದು, ಮೂರು ದಿನ ಸಮುದ್ರದ ಮೇಲೆ, ನಡುವೆ ಗೋವಾದಲ್ಲಿ ಇಳಿದು ಊರು ನೋಡುವುದು, ಮತ್ತೆ ಮುಂಬಯಿ. ಮನೆಯಲ್ಲಿ ನಗಲಿಕ್ಕೆ ಆದೀತೆಂದು ನಾನೂ ಒಂದು ಹಾಳೆ ಇಸಿದುಕೊಂಡೆ.

ಮನೆಯಲ್ಲಿ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಮದುವೆ ಮನೆಗಳಿಗೆ ಜೋಳದ ಖಡಕ್ ರೊಟ್ಟಿ ಮಾಡಿಕೊಡುವುದು ಅವಳ ಕಸುಬು. ಕನ್ನೊಳ್ಳಿಯಿಂದ ಬಾಗೇವಾಡಿಯವರೆಗೆ ಅವಳ ರೊಟ್ಟಿ ಹೋಗುತ್ತಿತ್ತು. ಕಾಗದದಂತೆ ತೆಳ್ಳಗೆ, ಮುಟ್ಟಿದರೆ ಚಟ್ ಅನ್ನಬೇಕು, ಅಂಥ ರೊಟ್ಟಿ. ಹೊಗಳುವುದು ನನ್ನ ಜಾಯಮಾನವಲ್ಲ, ಆದರೆ ಸುಳ್ಳು ಹೇಳಲಾರೆ. ಅವಳು ಹಿಟ್ಟಿನ ಕೈಯಲ್ಲೇ ಕರಪತ್ರ ತೆಗೆದುಕೊಂಡು ಎರಡು ಸಲ ಓದಿದಳು. ನಗಲಿಲ್ಲ.

"ಇದರಾಗ ಎರಡು ಥರಾ ಐತಿ ನೋಡ್ರಿ," ಅಂದಳು. "ಈಗ ಸ್ವಲ್ಪ ಕೊಟ್ಟು, ಊಟದ್ದು, ಗೋವಾದ ಬಸ್ಸಿಂದು ಎಲ್ಲಾ ಹಡಗಿನ್ಯಾಗ ಕೊಡೂದು ಒಂದು. ಎಲ್ಲಾ ಇಲ್ಲೇ ಕೊಟ್ಟು ಬರೀಗೈಲೆ ಹತ್ತೂದು ಇನ್ನೊಂದು. ನಾವು ಎಲ್ಲಾ ಕೊಟ್ಟ ಹತ್ತೂಣು."

"ಯಾರು, ನಾವು?"

"ನಾನಂತೂ. ನೀವು ಬಂದ್ರ ನೀವೂ."

ರೊಕ್ಕ ಎಲ್ಲಿಂದ ಬಂತು ಎಂದು ಕೇಳಿದೆ. ಎರಡು ವರ್ಷದಿಂದ ರೊಟ್ಟಿಯ ದುಡಿಮೆಯಲ್ಲಿ ಒಂದು ಪಾಲು ಅಂಚೆ ಕಚೇರಿಯಲ್ಲಿ ಕಟ್ಟುತ್ತ ಬಂದಿದ್ದಳಂತೆ. ನನಗೆ ಗೊತ್ತೇ ಇರಲಿಲ್ಲ! ಅದುವರೆಗೆ ಅವಳ ದುಡಿಮೆಯೆಲ್ಲ ನನ್ನ ಟ್ರಂಕಿಗೆ ಬರುತ್ತದೆ ಎಂದೇ ನಾನು ತಿಳಿದಿದ್ದೆ. ನಾನು ಕೂಗಾಡಿದೆ. ಆ ಹಾಳೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಇದ್ದದ್ದನ್ನು ಓದಿ ತೋರಿಸಿದೆ: ಪೂರ್ತಿ ಕಟ್ಟಿದವರಿಗೆ ದರದಲ್ಲಿ ಒಂದಿಷ್ಟು ಸೋಡಿ ಸಿಗುತ್ತದೆ, ಆದರೆ ಹೋಗದಿದ್ದರೆ ಒಂದು ಪೈಸೆಯೂ ವಾಪಸಿಲ್ಲ.

"ನೀರಾಗಿನ ಎಮ್ಮಿಗೆ ವ್ಯಾಪಾರ ಮಾಡಾಕತ್ತೀಯಲ್ಲ! ಆ ಹಡಗ ಕಣ್ಣಿಲೆ ಕಂಡೀಯೇನು?"

"ಹಡಗ ನೀರಾಗ ಇರದ ಮತ್ತೆಲ್ಲಿರಬೇಕ್ರಿ?" ಅಂದಳು. ಒಲೆಯ ಮೇಲಿನ ರೊಟ್ಟಿ ತಿರುವಿ ಹಾಕಿದಳು.

ಮುಂಗಡಕ್ಕೆ ನಮ್ಮ ಕಡೆ ಸಂಚಕಾರ ಅನ್ನುತ್ತಾರೆ. ಜೀವಕ್ಕೆ ಬರುವ ಕುತ್ತಕ್ಕೂ ಅದೇ ಶಬ್ದ. ಹಿರಿಯರು ಸುಮ್ಮನೆ ಎರಡಕ್ಕೂ ಒಂದೇ ಹೆಸರಿಟ್ಟಿಲ್ಲ, ತಿಳಕೋ ಎಂದು ಹೇಳಿದೆ. ಆ ಮಾತು ಹೇಳಿದ ಮೇಲೆ ನನ್ನ ಜಾಣತನಕ್ಕೆ ನಾನೇ ಖುಷಿಪಟ್ಟೆ. ಅವಳು ಕೈ ತೊಳೆದುಕೊಂಡು ಬಂದು ನನ್ನ ಎದುರು ಕೂತಳು. ಕೂತು ಮಾತಾಡುವುದು ಅವಳ ರೂಢಿಯಲ್ಲ.

"ಸೀರಿಗೆ ಕೇಳಿದ್ರ ಯಾಕ ಅಂತೀರಿ. ತವರಮನಿಗೆ ಹೋಗಾಕ ಕೇಳಿದ್ರ ಯಾಕ. ನನ್ನ ಕೈಲೆ ಬಡದ ರೊಟ್ಟಿ ರೊಕ್ಕ, ಅದನ್ನ ಕೇಳಿದ್ರೂ ಯಾಕ. ಕೊಡತೀರಿ, ಇಲ್ಲ ಅನ್ನಂಗಿಲ್ಲ. ಖರೇ, ಯಾಕ ಅನ್ನೂದು ಬಿಡಂಗಿಲ್ಲ. ಹಡಗಿನ್ಯಾಗೂ ಒಂದು ಚಾ ಬೇಕಂದ್ರ ನಿಮ್ಮ ಮಾರಿ ನೋಡಬೇಕಾಗತೈತಿ. ಮೂರು ದಿನ, ಬರೇ ಮೂರು ದಿನ, ಯಾರನ್ನೂ ಕೇಳದಂಗ ಇರಬೇಕು ನಾನು. ಅದಕ್ಕ ಮೊದಲ ಕೊಡತೇನಿ."

ನಾನು "ಯಾಕ ಹಂಗ ಮಾತಾಡ್ತೀ" ಅಂದೆ. ಅಂದಮೇಲೆ ನಾಲಿಗೆ ಕಚ್ಚಿಕೊಂಡೆ. ಅವಳು ಎದ್ದು ಹೋದಳು.

ಮರುದಿನ ನನ್ನ ಜೊತೆಯ ಡ್ರೈವರನ ಮುಂದೆ ಗೋಳು ತೋಡಿಕೊಂಡೆ. ಅವನು ಇಂಡಿಯವನು, ಲಿಂಬೆ ತೋಟವಿದ್ದವನು. ಅವರ ಕಡೆ ವ್ಯಾಪಾರಿಗಳು ಗಿಡ ಹೂ ಬಿಟ್ಟಾಗಲೇ ಬಂದು ಇಡೀ ತೋಟಕ್ಕೆ ರೊಕ್ಕ ಕೊಟ್ಟು ಹೋಗುತ್ತಾರೆ. ಸ್ಟೇರಿಂಗ್ ಬಿಡದೆ ಅವನು ನ್ಯಾಯ ಹೇಳಿದ: "ಹೂವಿಗೆ ರೊಕ್ಕ ಕೊಟ್ಟಾವ ಗೆದ್ದದ್ದೂ ಐತಿ, ಸತ್ತದ್ದೂ ಐತಿ. ಖರೇ, ಕೊಡದಾವಗ ಹಣ್ಣಂತೂ ಸಿಕ್ಕಿಲ್ಲೋ ಮಾರಾಯ." ನನಗೆ ಬೇಕಾಗಿದ್ದ ಉತ್ತರ ಅದಾಗಿರಲಿಲ್ಲ. ಸಿಟ್ಟಿನಿಂದ ಟಿಕೆಟ್ ಹರಿಯಲು ಹಿಂದಕ್ಕೆ ಹೋದೆ.

ಬಾಗೇವಾಡಿ ಬಿಡುವಾಗ ಮುದ್ದೇಬಿಹಾಳ ಕಡೆಯ ಮುದುಕನೊಬ್ಬ ಹತ್ತಿದ. ಹೆಗಲ ಮೇಲೆ ಟಾವೆಲ್ಲು, ಕೈಯಲ್ಲಿ ಎರಡು ಬಾರುಕೋಲು. ಟಿಕೆಟ್ ಅಂದರೆ, "ಊರು ಮುಟ್ಟಸಪಾ, ಆಮ್ಯಾಲ ಕೊಡತೇನಿ. ಹೋದ ವಾರ ನಡುದಾರ್‍ಯಾಗ ಬಸ್ ಕೆಟ್ಟು ನಡಕೋತ ಹೋಗೇನಿ," ಅಂದ. ನನ್ನ ತಲೆ ಗರಂ ಆಯಿತು. "ಮೊದಲ ರೊಕ್ಕ! ನಂಬಿಕಿ ಇಲ್ಲಂದ್ರ ಇಳಿ ಕೆಳಗ. ರೊಕ್ಕ ಕೊಡೂದಂದ್ರ ನಂಬೂದು!" ಎಂದು ಇಡೀ ಬಸ್ಸಿಗೆ ಕೇಳುವಂತೆ ಕೂಗಿದೆ.

ಮುದುಕ ನನ್ನನ್ನು ಮೇಲೆ ಕೆಳಗೆ ನೋಡಿದ. "ಇಷ್ಟು ಬಾಯಿ ಮಾಡ್ತೀಯಲ್ಲ ತಮ್ಮಾ, ನೀ ಯಾರಿಗರ ಮೊದಲ ಕೊಟ್ಟೀಯೇನು?"

ಬಸ್ಸು ಗೊಳ್ಳೆಂದು ನಕ್ಕಿತು. ಡ್ರೈವರ್ ಕನ್ನಡಿಯಲ್ಲಿ ನನ್ನನ್ನೇ ನೋಡಿ ನಗುತ್ತಿದ್ದ. ಮುದುಕ ಕೊನೆಗೆ ರೊಕ್ಕ ಕೊಟ್ಟ, ನಾನು ಟಿಕೆಟ್ ಕೊಟ್ಟೆ. ಆದರೆ ಆ ಮಾತು ಮುದ್ದೇಬಿಹಾಳದವರೆಗೂ ನನ್ನ ಕಿವಿಯಲ್ಲಿ ಉಳಿಯಿತು. ಇಷ್ಟು ವರ್ಷ ಸಾವಿರಾರು ಮಂದಿ ನನ್ನ ಕೈಯಲ್ಲಿ ರೊಕ್ಕ ಇಟ್ಟಿದ್ದರು, ಊರು ಮುಟ್ಟಿಸುತ್ತೇನೆ ಎಂದು ಒಬ್ಬರೂ ಬರೆಸಿಕೊಂಡಿರಲಿಲ್ಲ. ನಾನು ಮಾತ್ರ ನನ್ನ ಮನೆಯವಳನ್ನೇ ಎರಡು ರೂಪಾಯಿಗೆ ನಂಬಿರಲಿಲ್ಲ. ನಾಚಿಕೆಯಾಯಿತು, ಅದನ್ನು ಮುಚ್ಚಿಟ್ಟು ಫಲವಿಲ್ಲ.

ಮನೆಗೆ ಬಂದು, "ರಜಾ ಹಾಕತೇನಿ, ಬರ್ತೇನಿ," ಅಂದೆ. ಅವಳು "ಹೂಂ" ಅಂದಳು, ಅಷ್ಟೇ. ಆದರೆ ಅವತ್ತು ನನ್ನ ಊಟಕ್ಕೆ ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಬಿತ್ತು.

ಆ ವಾರ ನನ್ನ ಪಾಳಿ ವಿಜಾಪುರದ ಬಸ್ಸಿಗೆ ಬಂತು. ರೊಕ್ಕ ಕಟ್ಟಲು ಅವಳು ಆ ಬಸ್ಸಿನಲ್ಲೇ ಹೊರಟಳು. ಎಲ್ಲರ ಟಿಕೆಟ್ ಹರಿದು ಅವಳ ಸೀಟಿನ ಹತ್ತಿರ ಬಂದು ನಿಂತೆ. ಅವಳ ಟಿಕೆಟಿನ ರೊಕ್ಕ ನಾನೇ ಚೀಲಕ್ಕೆ ಹಾಕುವುದು ರೂಢಿ, ಹಾಗೇ ಮುಂದೆ ಸರಿಯುವವನಿದ್ದೆ. ಅವಳು ನೋಟು ಮುಂದೆ ಹಿಡಿದಳು.

"ವಿಜಾಪುರ ಒಂದು ಕೊಡ್ರಿ ಕಂಡಕ್ಟರ್."

ಪಕ್ಕದಲ್ಲಿದ್ದ ಹೆಂಗಸಿಗೆ ನಾವು ಗಂಡ ಹೆಂಡತಿ ಎಂದು ಗೊತ್ತಿತ್ತು. ಅವಳು ಸೆರಗು ಬಾಯಿಗೆ ಹಿಡಿದು ನಕ್ಕಳು. ನಾನು ಟಿಕೆಟ್ ಹರಿದು ಕೊಟ್ಟೆ, ಚಿಲ್ಲರೆಯನ್ನೂ ಕೊಟ್ಟೆ. ನನ್ನ ಹೆಂಡತಿ ಚಿಲ್ಲರೆ ಎಣಿಸಿ ನೋಡಿಯೇ ಚೀಲಕ್ಕೆ ಹಾಕಿದಳು. ಏನು ಹೆಣ್ಣಪ್ಪ!

ಪ್ರವಾಸದ ಕಚೇರಿಯಲ್ಲಿ ಅವಳನ್ನು ನೋಡಬೇಕಿತ್ತು. ಕಚೇರಿಯವರೇ, "ಅಕ್ಕಾರ, ಬೇಕಿದ್ರ ಅರ್ಧ ಕಟ್ರಿ, ಉಳಿದದ್ದು ಹಡಗಿನ್ಯಾಗ ನೋಡಿಕೊಂಡ್ರಾತು," ಎಂದು ಒಳ್ಳೆಯ ಮಾತು ಹೇಳಿದರು. ಇವಳು ಒಪ್ಪಲಿಲ್ಲ. ಇಬ್ಬರ ಪೂರ್ತಿ ರೊಕ್ಕವನ್ನೂ ಮೇಜಿನ ಮೇಲಿಟ್ಟು, ಅದರ ಮೇಲಿನ ಕೈ ತೆಗೆಯಲಿಲ್ಲ. ಊಟ ಎಷ್ಟು ಹೊತ್ತು? ಚಾ ಅದರಲ್ಲೇ ಬಂತೋ? ಗೋವಾದಲ್ಲಿ ದಂಡೆಯಿಂದ ಊರಿಗೆ ಹೋಗುವ ಬಸ್ಸು? ಹಾಸಿಗೆ, ಹೊದಿಕೆ? ಹಡಗು ಬಿಡದಿದ್ದರೆ ರೊಕ್ಕ ವಾಪಸ್ ಅಂತ ಎಲ್ಲಿ ಬರೆದಿದೆ? ಅವರು ಒಂದೊಂದಕ್ಕೂ ಉತ್ತರ ಹೇಳಿದರು. "ಬಾಯಿಲೆ ಹೇಳಬ್ಯಾಡ್ರಿ, ಪಾವತಿ ಮ್ಯಾಲ ಬರೀರಿ," ಅಂದಳು. ಅವರು ಬೆವರು ಒರೆಸಿಕೊಳ್ಳುತ್ತ ಎಲ್ಲ ಬರೆದು ಸಹಿ ಮಾಡಿದ ಮೇಲೆಯೇ ಅವಳ ಕೈ ರೊಕ್ಕದ ಮೇಲಿಂದ ಎದ್ದಿತು. ಇಪ್ಪತ್ತು ವರ್ಷ ಟಿಕೆಟ್ ಹರಿದ ನನಗೆ ಇದರಲ್ಲಿ ಒಂದು ಪ್ರಶ್ನೆಯೂ ಹೊಳೆದಿರಲಿಲ್ಲ. ಎದೆ ಉಬ್ಬಿತು ನನಗೆ. ಅಲ್ಲೇ ಕೂತಿದ್ದ ಯಾರೋ ಅಪರಿಚಿತನಿಗೆ, "ನಮ್ಮ ಮನಿಯವರು," ಎಂದು ಹೇಳಿಯೂಬಿಟ್ಟೆ.

ಹೊರಡುವವರೆಗಿನ ಆರು ವಾರ ಊರಿನವರು ನಮ್ಮನ್ನು ಬಿಡಲಿಲ್ಲ. ಹಡಗೂ ಇಲ್ಲ, ಗಿಡಗೂ ಇಲ್ಲ, ರೊಕ್ಕ ನೀರಿಗೆ ಹಾಕಿದಿರಿ ಎಂದು ಡಿಪೋದಲ್ಲಿ ನಕ್ಕರು. ಒಳಗೊಳಗೆ ನನಗೂ ಪುಕುಪುಕು. ಅವಳು ಮಾತ್ರ ಮದುವೆ ಸುಗ್ಗಿಯ ರೊಟ್ಟಿ ಬಡಿಯುತ್ತ, ಆ ಮೂರು ದಿನದ ಆರ್ಡರು ಬಂದಾಗಲೆಲ್ಲ, "ಆವಾಗ ನಾ ಊರಾಗ ಇರಂಗಿಲ್ಲ, ಹಡಗಿನ್ಯಾಗ ಇರತೇನಿ," ಎಂದು ನೆರೆಮನೆಗೆ ಕೇಳುವಂತೆ ಹೇಳುತ್ತಿದ್ದಳು.

ಹಡಗಿತ್ತು. ಮುಂಬಯಿಯ ಬಂದರಿನಲ್ಲಿ ಅದರ ಬುಡದಲ್ಲಿ ನಿಂತು ತಲೆ ಎತ್ತಿದರೆ ನನ್ನ ಟೋಪಿ ಹಿಂದಕ್ಕೆ ಬಿತ್ತು. ಹತ್ತುವ ಬಾಗಿಲು ತೆರೆದದ್ದೇ ತಡ, ನನ್ನ ಹೆಂಡತಿ ಮಂದಿಯನ್ನು ಸರಿಸಿ ಮುಂದೆ ಓಡಿದಳು. ನಾನು ಹುಡುಕಿಕೊಂಡು ಹೋಗಿ ನೋಡಿದರೆ ಮೇಲಿನ ಅಂಗಳದ ಎರಡು ಕುರ್ಚಿಗಳ ಮೇಲೆ ನನ್ನ ಟಾವೆಲ್ಲು ಹಾಸಿ ಕಾವಲು ನಿಂತಿದ್ದಾಳೆ, ಸಿಂದಗಿ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ವಸ್ತ್ರ ಎಸೆದು ಸೀಟು ಹಿಡಿಯುವ ಹಾಗೆ. ನಮಗೆ ಬೇರೆ ಕೋಣೆಯೇ ಇದೆ, ಮಂಚವಿದೆ ಎಂದು ಹೇಳಿದರೂ ಅವಳು ಬಹಳ ಹೊತ್ತು ನಂಬಲಿಲ್ಲ. "ಇರಲಿ ಬಿಡ್ರಿ, ಇದೂ ಇರಲಿ," ಎಂದು ಟಾವೆಲ್ಲು ಅಲ್ಲೇ ಬಿಟ್ಟಳು. ಒಬ್ಬರೂ ಅದನ್ನು ಮುಟ್ಟಲಿಲ್ಲ ಅನ್ನಿ.

ಮಧ್ಯಾಹ್ನ ಊಟದ ಹಾಲ್‌ಗೆ ಹೋದೆವು. ಬಿಳಿ ಬಟ್ಟೆಯ ಮೇಜು, ಗಾಜಿನ ಲೋಟ, ಕಿಟಕಿಯ ಆಚೆ ಬರೀ ನೀರು. ಅವಳು ಎಲ್ಲ ಸ್ವಲ್ಪ ಸ್ವಲ್ಪ ಬಡಿಸಿಕೊಂಡು, ಸಾವಕಾಶವಾಗಿ, ಒಂದೊಂದನ್ನೂ ಪರೀಕ್ಷೆ ಮಾಡುವವಳಂತೆ ಉಂಡಳು. ಅವರ ರೊಟ್ಟಿಯನ್ನು ಬೆರಳಲ್ಲಿ ಒತ್ತಿ ನೋಡಿ, "ಹಸಿ ಐತಿ," ಎಂದು ಬದಿಗಿಟ್ಟಳು. ಊಟ ಮುಗಿಯುವ ಹೊತ್ತಿಗೆ ಬಡಿಸುವವನು ಬಂದು ನನ್ನ ಪಕ್ಕ ಬಾಗಿ ನಿಂತ. ಐಸ್‌ಕ್ರೀಮು ಇದೆ, ಮೇಡಂ ಅವರಿಗೆ ತರಲೇ ಎಂದು ಹಿಂದಿಯಲ್ಲಿ ನನ್ನನ್ನು ಕೇಳಿದ.

ಬಾಯಿ ನನ್ನದು, ರೂಢಿಯೂ ನನ್ನದೇ. "ಆಕಿಗೆ ಬ್ಯಾಡ," ಅಂದೆ.

ಅವಳು ಲೋಟ ಕೆಳಗಿಟ್ಟಳು. ನಮ್ಮ ಸಂತೆಯಲ್ಲಿ ಬಾಗವಾನರ ಜೊತೆ ಕಾಯಿಪಲ್ಲೆ ಚೌಕಾಸಿ ಮಾಡಿ ಕಲಿತ ಹಿಂದಿ ಅವಳದು. ಅದರಲ್ಲೇ, ಆಚೆ ಮೇಜಿನವರೂ ತಿರುಗಿ ನೋಡುವಷ್ಟು ಜೋರಾಗಿ ಹೇಳಿದಳು: "ಅವರಕು ನಕ್ಕೋ ಪೂಛೋ. ಮೇರೆಕು ಪೂಛೋ. ರೊಕ್ಕ ಮೈ ಭರೀ!" ಅವರನ್ನಲ್ಲ, ನನ್ನನ್ನು ಕೇಳು, ರೊಕ್ಕ ಕಟ್ಟಿದವಳು ನಾನು ಅಂತ.

ಬಡಿಸುವವನು ತಕ್ಷಣ ಮೇಜು ಸುತ್ತಿ ಅವಳ ಬದಿಗೆ ಹೋದ, ತಲೆ ಬಾಗಿಸಿ ನಿಂತ. ಬೆನ್ನು ನೆಟ್ಟಗೆ ಮಾಡಿ ಅವಳು ಎರಡು ಬೆರಳು ತೋರಿಸಿದಳು. ಎರಡು ಬಟ್ಟಲು ಬಂದವು. ನನಗೂ ಹೇಳಿದ್ದಾಳೆ ಎಂದು ಒಂದಕ್ಕೆ ಕೈ ಚಾಚಿದೆ. ಅವಳು ಎರಡನ್ನೂ ತನ್ನ ಕಡೆಗೆ ಎಳೆದುಕೊಂಡಳು.

ಒಂದು ಬಟ್ಟಲು ಮುಗಿಯುವವರೆಗೆ ನಾನು ನೋಡುತ್ತ ಕೂತೆ. ಅವಳು ಕಿಟಕಿಯ ನೀರನ್ನು ನೋಡುತ್ತ, ಒಂದಿಷ್ಟೂ ಅವಸರವಿಲ್ಲದೆ ತಿಂದಳು. ಎರಡನೆಯದಕ್ಕೆ ಚಮಚ ಹಾಕುವಾಗ ನಾನು ಕೇಳಿದೆ. ಮದುವೆಯಾದಂದಿನಿಂದ ಅವಳನ್ನು ನಾನು ಹಾಗೆ ಕೇಳಿದ್ದು ಅದೇ ಮೊದಲು.

"ನಾನೂ ಒಂದು ತಗೊಳ್ಳಲೇನ?"

ಅವಳು ನನ್ನ ಕಡೆ ತಿರುಗಿದಳು. ಯಾಕ ಅನ್ನುತ್ತಾಳೆ ಎಂದೇ ನಾನು ಕಾದೆ. ಅನ್ನಲಿಲ್ಲ.

"ತಗೋರಿ," ಅಂದಳು. "ಕೊಟ್ಟಾಗೇತಿ."