ಖಣಿಯ ತಾಯಂದಿರೂ ನಮ್ಮ ಲೋಲಾಕ್ಷಿ ಟೀಚರೂ

ಮುಂಬಯಿ ಪಕ್ಕದ ಠಾಣೆಯಿಂದ ಖಾರಘರದವರೆಗಿನ ಊರುಗಳಲ್ಲಿ ಕನ್ನಡ ಕಲಿಸಿದವರು ಅನೇಕರಿದ್ದಾರೆ. ಅವರೆಲ್ಲರಿಗೂ ನಮ್ಮ ನಮಸ್ಕಾರ. ಆದರೆ ಶಾಲೆಗೆ ಬಂದ ಮಕ್ಕಳಿಗೆ ಕಲಿಸುವುದಷ್ಟಕ್ಕೇ ನಿಲ್ಲದೆ, ಬಾರದ ಮಕ್ಕಳನ್ನು ಹುಡುಕಿಕೊಂಡು ಗುಡ್ಡ ಹತ್ತಿದವರು ಯಾರೆಂದು ಕೇಳಿದರೆ, ಈ ವರ್ಷ ಸೇವೆಯಿಂದ ನಿವೃತ್ತರಾದ ಶ್ರೀಮತಿ ಲೋಲಾಕ್ಷಿ ಟೀಚರ್ ಅವರ ಹೆಸರನ್ನೇ ಮೊದಲು ಹೇಳಬೇಕು. ಆ ಗುಡ್ಡದ ಕಲ್ಲಿನ ಖಣಿಯಲ್ಲಿ ಲಾರಿ ಓಡಿಸುತ್ತಿದ್ದ ನಾನು ಅದನ್ನು ಕಣ್ಣಾರೆ ಕಂಡವನು.

ರಾಯಚೂರು, ಕಲಬುರಗಿ ಕಡೆಯಿಂದ ಬಂದ ಕುಟುಂಬಗಳು ಬೆಟ್ಟದ ಬುಡದಲ್ಲಿ ಕಲ್ಲು ಒಡೆದು ಖಡಿ, ಅಂದರೆ ಜಲ್ಲಿ, ಮಾಡುತ್ತಿದ್ದವು. ಕೂಲಿ ಆಳಿನ ಮೇಲಲ್ಲ, ತುಂಬಿದ ಲಾರಿಯ ಮೇಲೆ. ಹೀಗಾಗಿ ತಾಯಿಯ ಪಕ್ಕದಲ್ಲಿ ಮಕ್ಕಳೂ ಸುತ್ತಿಗೆ ಹಿಡಿದು ಕೂರುತ್ತಿದ್ದರು. ಇಸ್ತ್ರಿ ಬಟ್ಟೆಯವರು ಯಾರಾದರೂ ದಾರಿಯಲ್ಲಿ ಕಂಡರೆ ತಪಾಸಣೆಯವರೇ ಬಂದರೆಂದು ಕೂಲಿಯವರ ಮೇಸ್ತ್ರಿ, ಮುಕಾದಮ ಗುರುನಾಥ ಕೂಗು ಹಾಕುವುದು, ಮಕ್ಕಳು ಮೇಲಿನ ಪೊದೆಗಳಲ್ಲಿ ಮಾಯವಾಗುವುದು ಅಲ್ಲಿನ ರೂಢಿ.

ಟೀಚರ್ ಮೊದಲ ಸಲ ಬಂದಾಗಲೂ ಹಾಗೆಯೇ ಆಯಿತು. ಮರಗಮ್ಮ ಎಂಬ ತಾಯಿಯ ಮುಂದೆ ನಿಂತು, "ಮಕ್ಕಳು ಎಲ್ಲಿ ಅಮ್ಮ?" ಎಂದು ಕೇಳಿದರು.

"ನಮಗ ಮಕ್ಕಳಿಲ್ರೀ ಮೇಡಂ."

"ಹಾಗಾದ್ರೆ ಈ ಸಣ್ಣ ಸುತ್ತಿಗೆ ಯಾರದ್ದು ಮಾರಾಯ್ತಿ, ನಿಮ್ಮ ಗಂಡಂದಾ?"

ಸುತ್ತಲಿದ್ದ ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು, ಮರಗಮ್ಮ ನಗಲಿಲ್ಲ. ಬಂಡೆಗೆ ಮದ್ದು ಸಿಡಿಸುವ ಮುಂಚಿನ ಸೀಟಿ ಆಗಲೇ ಊದಿಯಾಗಿತ್ತು. ಆ ವಾರ ಖಣಿ ಮೇಲಕ್ಕೆ ಸರಿದು, ಮಕ್ಕಳು ಅಡಗಿದ್ದ ಪೊದೆಗಳ ಕೆಳಗೇ ಮದ್ದು ತುಂಬಿದ್ದರು.

"ಸುಮ್ಮನಿರು. ಮದ್ದು ನಿಲ್ಲಸಾಕ ಆಳು ಕಳಿಸೀನಿ," ಎಂದು ಗುರುನಾಥ ಅವಳ ಕಿವಿಯಲ್ಲಿ ಪಿಸುಗುಟ್ಟಿದ.

ಮರಗಮ್ಮ ಬುಟ್ಟಿ ಎಸೆದು ಗುಡ್ಡದ ಕಡೆಗೆ ಓಡಿದಳು. "ಮಾಲಾ, ಇಳೀ, ಎಲ್ಲಾರನ್ನೂ ಕರಕೊಂಡು ಇಳೀ!" ಮಗಳು ಮಾಲಾ ಮುಂದೆ, ಉಳಿದವರು ಹಿಂದೆ. ಟೀಚರ್ ಸಿಕ್ಕ ಸಿಕ್ಕವರ ತೋಳು ಹಿಡಿದು ನನ್ನ ಲಾರಿಯ ಹಿಂಬದಿಗೆ ಎಳೆದರು. ಮದ್ದು ಸಿಡಿದಾಗ ಯಾವ ಮಗುವೂ ಮೇಲೆ ಉಳಿದಿರಲಿಲ್ಲ.

ಟೀಚರ್ ಬೈಯಲಿಲ್ಲ, ದೂರನ್ನೂ ಕೊಡಲಿಲ್ಲ. "ನಾನು ಆಫೀಸರಲ್ಲ, ಶಾಲೆಯ ಟೀಚರ್. ಈ ಸೀಟಿ ಊದಿದ ಮೇಲೆ ನೀವೆಲ್ಲ ಹೇಗೂ ಕೆಲಸ ಬಿಟ್ಟು ಕೂರ್ತೀರಲ್ಲ, ಆ ಹೊತ್ತು ನನಗೆ ಕೊಡಿ," ಎಂದರು. ಮರುದಿನದಿಂದ ಮದ್ದಿನ ಹೊತ್ತೇ ಪಾಠದ ಹೊತ್ತು, ಲಾರಿಯ ನೆರಳೇ ಶಾಲೆ.

ಆದರೆ ಪಾಠ ಮುಗಿದೊಡನೆ ಮಕ್ಕಳು ಮತ್ತೆ ಸುತ್ತಿಗೆಗೆ ಮರಳುತ್ತಿದ್ದರು. ಟೀಚರ್ ಸಂಜೆಗಳಲ್ಲಿ ಗುಡಿಸಲುಗಳಿಗೆ ಹೋಗಿ, ಹೆಂಗಸರೊಡನೆ ಸೊಪ್ಪು ಸೋಸುತ್ತ, ಒಬ್ಬೊಬ್ಬ ತಾಯಿಯನ್ನೂ ಒಪ್ಪಿಸುತ್ತ ಬಂದರು. ಕೊನೆಗೆ ತಾಯಂದಿರೇ ಒಂದು ಕಟ್ಟುಪಾಡು ಮಾಡಿಕೊಂಡರು: ಖಣಿಯೊಳಗೆ ಒಂದು ಮಗು ಕಂಡರೂ ಯಾರೂ ಬುಟ್ಟಿ ಎತ್ತಬಾರದು. ಮಕ್ಕಳು ಟೀಚರ್ ಕಲಿಸುವ ಶಾಲೆಗೇ ಹೋಗತೊಡಗಿದರು.

ಮಳೆಗಾಲ ಹತ್ತಿರವಾಗಿ ಖಡಿಗೆ ಅವಸರ ಬಿದ್ದಾಗ ಆ ಕಟ್ಟುಪಾಡಿಗೆ ಪರೀಕ್ಷೆ ಬಂತು. ಶಾಲೆಗೆ ಹೊರಟಿದ್ದ ಮಾಲಾಳನ್ನು ಗುರುನಾಥ ದಾರಿಯಿಂದಲೇ ತಿರುಗಿಸಿ ತಂದು ಸುತ್ತಿಗೆ ಕೊಟ್ಟ.

"ಸಾಲಿ ಕಲಿತು ಕಲೆಕ್ಟರ್ ಆಗ್ತಾಳೇನು ನಿನ್ನ ಮಗಳು?"

"ಆಗ್ಲಿ ಬಿಡು. ಮೊದಲ ತಪಾಸಣಿ ನಿನ್ನ ಮನೀಗೇ ಕಳಸ್ತಾಳ," ಎಂದ ಮರಗಮ್ಮ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕುಳಿತಳು. ಒಬ್ಬರ ನಂತರ ಒಬ್ಬರು ಎಲ್ಲರೂ ಕುಳಿತರು. ಲಾರಿಗಳು ಖಾಲಿ ನಿಂತವು. ಮಧ್ಯಾಹ್ನ ಗುರುನಾಥನೇ ಬಂದು, "ಹೋಗವ್ವ ತಾಯಿ, ನಿಮ್ಮ ಟೀಚರ್ ಕಾಯ್ತಿರ್ತಾರ," ಎಂದು ಮಾಲಾಳ ಕೈಯಿಂದ ಸುತ್ತಿಗೆ ಇಸಿದುಕೊಂಡ. ಆ ಖಣಿಯಲ್ಲಿ ಮಗುವಿನ ಕೈಗೆ ಸುತ್ತಿಗೆ ಬಂದದ್ದು ಅದೇ ಕೊನೆ ಎಂದು ಹೆಮ್ಮೆಯಿಂದ ಬರೆಯುತ್ತಿದ್ದೇನೆ. ಮಾಲಾ ಇಂದು ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಲ್ಯಾಬಿನಲ್ಲಿ ನೌಕರಿಯಲ್ಲಿದ್ದಾಳೆ.

ಆ ಖಣಿ ಈಗ ಮುಚ್ಚಿದೆ. ಆದರೆ ಕಲ್ಯಾಣದಾಚೆಯ ಇನ್ನೊಂದರಲ್ಲಿ ಮಕ್ಕಳು ಇಂದಿಗೂ ಕಲ್ಲು ಒಡೆಯುತ್ತಿದ್ದಾರೆ. ಟೀಚರ್ ನಿವೃತ್ತಿಯ ಮರುವಾರದಿಂದಲೇ ಅಲ್ಲಿಗೆ ಹೋಗುತ್ತಿದ್ದಾರೆ, ಜೊತೆಗೆ ಮರಗಮ್ಮನೂ. ಈ ಲೇಖನದಲ್ಲಿ ಟೀಚರಿಗೆ ಏನು ಹಾರೈಸಲಿ ಎಂದು ಮರಗಮ್ಮನನ್ನೇ ಕೇಳಿದೆ.

"ನೂರು ವರ್ಷ ಇರ್ಲಿ ಅಂತ ಬರೀರಿ ಅಣ್ಣಾರ. ಆರಾಮ ಮಾಡ್ಲಿ ಅಂತ ಮಾತ್ರ ಬರೀಬ್ಯಾಡ್ರಿ. ಕಲ್ಯಾಣದಾಗ ಮೂರು ಮಂದಿ ತಾಯಂದಿರು ಹೂಂ ಅಂದಾರ, ಉಳಿದವ್ರು ಇನ್ನಾ ವಿಚಾರ ಮಾಡಲಿಕತ್ತಾರ."