ವೆನಿಸ್‌ನಲ್ಲೊಂದು ಕೋಣೆ, ಹೌಗಾಂಗ್‌ನಲ್ಲೊಂದು ಕಟ್ಟು ಕರಿಬೇವು

ನಮ್ಮತ್ತೆ ಇಷ್ಟು ವರ್ಷಗಳಲ್ಲಿ ನಮ್ಮನ್ನು ಬಾಯಿಬಿಟ್ಟು ಕೇಳಿದ್ದು ಒಂದೇ ಒಂದು. ಮಗಳ ಶಾಲೆಯ ಪ್ರಾಜೆಕ್ಟಿಗೆಂದು ರಟ್ಟು ಕತ್ತರಿಸಿ, ಐಸ್‌ಕ್ರೀಮ್ ಕಡ್ಡಿ ಅಂಟಿಸಿ ವೆನಿಸ್ ನಗರ ಮಾಡಿಕೊಟ್ಟವರು ಅವರೇ. ನೀಲಿ ಬಣ್ಣದ ಕಾಲುವೆಯ ಮೇಲೆ ಕಡೆಯ ಸೇತುವೆ ಕೂರಿಸಿ, ಬೆರಳಿಗೆ ಮೆತ್ತಿದ ಗೋಂದು ತಿಕ್ಕುತ್ತಾ, "ಇದನ್ನ ಒಂದ್ಸಲ ಕಣ್ಣಾರೆ ನೋಡ್ಬೇಕು ಅನ್ಸುತ್ತೆ ಕಣಮ್ಮ" ಅಂದರು.

"ಅಜ್ಜಿ, ಅಲ್ಲಿ ರೋಡೇ ಇಲ್ಲ ಲಾ. ಬರೀ ಬೋಟು, ಮತ್ತೆ ವಾಕಿಂಗ್" ಅಂದಳು ಮಗಳು, ಇಲ್ಲಿಯ ಶಾಲೆಯಲ್ಲಿ ಕಲಿತ 'ಲಾ' ಸೇರಿಸಿ.

"ನಡೆಯೋದಕ್ಕೇನು, ನಡೀತೀನಿ."

ಅದು ನಿಜವೇ. ಮಗಳು ಹುಟ್ಟಿದಾಗ ಮೈಸೂರಿನಿಂದ ಈ ಪರದೇಶಕ್ಕೆ ಬಂದು ನಮ್ಮೊಡನೆಯೇ ಉಳಿದುಹೋದ ಅತ್ತೆ, ಪುಂಗೋಲ್‌ನ ನಮ್ಮ ಮನೆಯ ಕೆಳಗಿನ ಕಾಲುವೆಯ ದಡದಲ್ಲಿ ದಿನಾ ಬೆಳಿಗ್ಗೆ ನನಗಿಂತ ಚುರುಕಾಗಿ ನಡೆಯುತ್ತಿದ್ದರು. ಅಮ್ಮ ಏನನ್ನೋ ಬಯಸಿದರು ಅನ್ನುವುದೇ ನನ್ನ ಗಂಡನಿಗೆ ಹಬ್ಬವಾಗಿಬಿಟ್ಟಿತು. ಜೂನ್ ರಜೆಗೆ ನಾಲ್ವರಿಗೂ ಟಿಕೆಟ್ ಬುಕ್ ಮಾಡಿದ ಮೇಲೆಯೇ ನನಗೆ ಹೇಳಿದ್ದು.

ಟಿಕೆಟ್ಟೇನೋ ಸುಲಭ. ತಲೆನೋವು ಶುರುವಾದದ್ದು ಇಳಿದುಕೊಳ್ಳುವ ಜಾಗದ್ದು. ವೆನಿಸ್‌ನಲ್ಲಿ ಅಗ್ಗದ ಕೋಣೆ ಶುದ್ಧವಾಗಿರುವುದಿಲ್ಲ, ಶುದ್ಧವಾದದ್ದು ಅಗ್ಗವಲ್ಲ, ಎರಡೂ ಆಗಿದ್ದರೆ ಅದು ವೆನಿಸ್‌ನಲ್ಲೇ ಇರುವುದಿಲ್ಲ. ಗಂಡ ಊಟದ ಮೇಜಿನಲ್ಲಿ ಲ್ಯಾಪ್‌ಟಾಪ್ ತೆರೆದು, ಹೋಟೆಲುಗಳನ್ನು ಯಾರ್ಯಾರೋ ಬೈದು ಬರೆದ ರಿವ್ಯೂಗಳನ್ನು ಪುರಾಣ ಓದಿದ ಹಾಗೆ ರಾಗವಾಗಿ ಓದುವರು. ಸಾರು ಕಲಸುವ ಹೊತ್ತಿಗೆ ಯಾರದೋ ದಿಂಬಿನ ಮೇಲಿನ ಕೂದಲಿನ ಕಥೆ. ನನ್ನ ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗು. ತಪ್ಪು ಹುಡುಕುವುದಕ್ಕೇ ಸಂಬಳ ಕೊಡುತ್ತಾರೆ. ಬಚ್ಚಲಿನ ಫೋಟೋ ದೊಡ್ಡದು ಮಾಡಿ ಟೈಲ್ಸ್ ಸಂದಿಯ ಪಾಚಿ ತೋರಿಸಿ, ಅವರಿಗೆ ಹಿಡಿಸಿದ್ದನ್ನೆಲ್ಲ ಹೊಡೆದು ಹಾಕುತ್ತಿದ್ದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ ಹದಿನೈದು ದಿನ ಕಳೆಯಿತು.

ಕಡೆಗೆ ಕಲ್ಲಾಂಗ್‌ನಲ್ಲಿರುವ ಅಂಕಲ್ ಒಬ್ಬರನ್ನು ಕೇಳಲು ಹೋದೆವು. ನಮ್ಮ ಕನ್ನಡದವರಲ್ಲಿ ಯುರೋಪಿಗೆ ಹೊರಟವರೆಲ್ಲ ಮೊದಲು ಅವರ ಮನೆಯ ಉಪ್ಪಿಟ್ಟು ತಿಂದೇ ಹೊರಡಬೇಕು.

"ಊರೊಳಗೆ ಯಾಕ್ರೀ ಇರ್ತೀರ? ಆಚೆ ದಡದಲ್ಲಿ ಸ್ಟೇಷನ್ ಪಕ್ಕ ಒಳ್ಳೊಳ್ಳೆ ಹೋಟೆಲ್ ಇದಾವೆ. ಬೆಳಿಗ್ಗೆ ಟ್ರೇನ್ ಹತ್ತಿ, ಹತ್ತು ನಿಮಿಷ. ದಿನವೆಲ್ಲ ಸುತ್ತಿ, ಸಂಜೆ ವಾಪಸ್ ಬನ್ನಿ. ರೂಮು ಇರೋದು ಮಲಗೋದಕ್ಕೆ ತಾನೇ?" ಅಂದರು ಅಂಕಲ್.

ಮಾತು ನ್ಯಾಯವಾಗಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚುವವರಿಗೆ ಇದಕ್ಕಿಂತ ಒಳ್ಳೆಯ ಸಲಹೆ ಸಿಗುವುದಿಲ್ಲ. ಮನೆಗೆ ಬಂದು ನೋಡಿದರೆ ಅಂಥದೇ ಒಂದು ಸಿಕ್ಕಿತು. ಹೊಸ ಕಟ್ಟಡ, ಬಿಳೀ ಹಾಸಿಗೆ, ಪಾಚಿಯ ಸುಳಿವೇ ಇಲ್ಲದ ಬಚ್ಚಲು. ನಾನು ಕೂಡ ತಪ್ಪು ಹುಡುಕಲಾಗದೆ ಒಪ್ಪಿದೆ.

ಅತ್ತೆ ಹುರುಳಿಕಾಯಿ ನಾರು ಬಿಡಿಸುತ್ತಿದ್ದರು. "ಮಧ್ಯಾಹ್ನ ರೂಮಿಗೆ ಬರಬಹುದಾ?"

"ಮಧ್ಯಾಹ್ನ ಯಾಕಮ್ಮ ಬರ್ಬೇಕು? ಬೆಳಿಗ್ಗೆ ಹೋದ್ರೆ ಸಂಜೇನೇ" ಅಂದರು ನನ್ನ ಗಂಡ.

ಅತ್ತೆ ಒಂದೆರಡು ಹುರುಳಿಕಾಯಿ ಮುರಿದರು. "ಹಾಗಾದ್ರೆ ನೀವು ಮೂರು ಜನ ಹೋಗ್ಬನ್ನಿ. ನಂಗೆ ಮಡಿಗಿಡಿ ಎಲ್ಲ ಇರತ್ತಲ್ಲ. ಕಂಡ ಕಂಡ ಕಡೆ ಬಚ್ಚಲು ನಂಗೆ ಆಗಲ್ಲ."

ನನಗೆ ಮೈಯೆಲ್ಲ ಉರಿಯಿತು. ಯಾವ ಮಡಿ? ಇದೇ ಅತ್ತೆ ಸಾಲು ತಿಂಡಿ ಅಂಗಡಿಗಳ ಹಾಕರ್ ಸೆಂಟರಿನಲ್ಲಿ ಪಕ್ಕದ ಮೇಜಿನವರು ಏಡಿ ಬಿಡಿಸುತ್ತಿದ್ದರೂ ತಮ್ಮ ತೋಫು ನೂಡಲ್ಸ್ ಚಪ್ಪರಿಸಿ ತಿಂದವರು. ಆದರೆ ನಮ್ಮಂಥ ಮನೆಗಳಲ್ಲಿ ಬೆಳೆದವರಿಗೆ ಗೊತ್ತು, ಮಡಿ ಅಂದ ಮೇಲೆ ಯಾರೂ ಮುಂದಿನ ಪ್ರಶ್ನೆ ಕೇಳುವುದಿಲ್ಲ. ಆ ಪದ ಬಿದ್ದರೆ ಬಾಗಿಲು ಮುಚ್ಚಿದ ಹಾಗೆ.

ಗಂಡ ಬಾಡಿಹೋದರು. ಊರೊಳಗಿನ ಕೋಣೆಗಳನ್ನು ಮತ್ತೆ ಹುಡುಕಿದರು. ರಿವ್ಯೂ ಚೆನ್ನಾಗಿದ್ದು ನಮ್ಮ ಕೈಗೆಟಕುವಂಥದರಲ್ಲೆಲ್ಲ ಬಚ್ಚಲು ವರಾಂಡದ ಕೊನೆಯಲ್ಲಿ, ನಾಲ್ಕಾರು ಕೋಣೆಗಳಿಗೆ ಸೇರಿ ಒಂದು. ಅದನ್ನು ತೋರಿಸುವ ಮೊದಲೇ ಅತ್ತೆ ಬೇಡವೆಂದು ತಲೆಯಾಡಿಸುತ್ತಿದ್ದರು. ಅತ್ತೆಯ ಟಿಕೆಟ್ ಕ್ಯಾನ್ಸಲ್ ಮಾಡುವುದಾದರೆ ಆ ಶುಕ್ರವಾರದೊಳಗೆ ಮಾಡಬೇಕಿತ್ತು. ರಟ್ಟಿನ ವೆನಿಸ್ ಟೀವಿಯ ಪಕ್ಕದಲ್ಲೇ ಕೂತಿತ್ತು, ಅತ್ತೆ ದಿನಾ ಅದರ ಧೂಳು ಊದುತ್ತಿದ್ದರು. ಅದನ್ನು ನೋಡಿದಾಗಲೆಲ್ಲ ನನ್ನ ಸಿಟ್ಟು ಇಳಿದು ಸಂಕಟವಾಗುತ್ತಿತ್ತು.

ಇಲ್ಲಿ ನಮ್ಮ ಫ್ರಿಜ್ಜಿನ ವಿಷಯ ಹೇಳಬೇಕು. ಅದರಲ್ಲಿ ಯಾವಾಗಲೂ ಕರಿಬೇವು ತುಂಬಿರುತ್ತಿತ್ತು. ನಮ್ಮವರ ಅಂಗಡಿಗಳಿರುವ ಲಿಟಲ್ ಇಂಡಿಯಾಕ್ಕೆ ರೈಲಿನಲ್ಲಿ ಹೋಗಿ ಬರುವಾಗ ಅತ್ತೆ ಪ್ರತಿ ಸಲವೂ ಅರ್ಧದಾರಿಯಲ್ಲಿ ಹೌಗಾಂಗ್ ಸ್ಟೇಷನ್ನಿನಲ್ಲಿ ಇಳಿಯುವರು. "ಇಲ್ಲಿ ಕರಿಬೇವು ಚೆನ್ನಾಗಿರತ್ತೆ, ನೀವು ಮುಂದೆ ಹೋಗಿರಿ, ಹಿಂದೆ ಬರೋ ಟ್ರೇನಲ್ಲಿ ಬರ್ತೀನಿ" ಅನ್ನುವರು. ಕರಿಬೇವು ಲಿಟಲ್ ಇಂಡಿಯಾದಲ್ಲೇ ರಾಶಿ ಬಿದ್ದಿರುತ್ತದೆ. ಅತ್ತೆಗೆ ಹೌಗಾಂಗ್‌ನ ಕರಿಬೇವಿನ ಹುಚ್ಚು ಎಂದು ನಾವು ತಮಾಷೆ ಮಾಡುತ್ತಿದ್ದೆವು. ಅವರೂ ನಗುತ್ತಿದ್ದರು.

ಆ ವಾರ ರಜೆ ಹಾಕಿ, ಪೂಜೆಗೆ ಹೂವು ತರಲು ನಾನೂ ಅತ್ತೆಯ ಜೊತೆ ಹೋಗಿದ್ದೆ. ವಾಪಸ್ ಬರುವಾಗ ಹೌಗಾಂಗ್ ಬಂತು, ಅತ್ತೆ ಎದ್ದರು. ನಾನು ಸೆರಗು ಹಿಡಿದು ಕೂರಿಸಿದೆ. "ಮನೇಲಿ ಮೂರು ಕಟ್ಟಿದೆ ಅತ್ತೆ. ಸಾಕು, ನೆಟ್ಟಗೆ ಮನೆಗೆ ಹೋಗೋಣ."

ಬಾಗಿಲು ಮುಚ್ಚಿತು. ಅತ್ತೆ ಹೂವಿನ ಚೀಲವನ್ನು ತೊಡೆಯ ಮೇಲೆ ಒತ್ತಿ ಹಿಡಿದು, ಕಾಲು ಜೋಡಿಸಿ ಕೂತರು. ನಾನು ಏನೋ ಹೇಳಹೋದೆ. "ಸ್ವಲ್ಪ ಮಾತಾಡಿಸ್ಬೇಡಮ್ಮ" ಅಂದರು. ಹಣೆಯಲ್ಲಿ ಬೆವರು, ರೈಲಿನ ಎಸಿಗೆ ನನಗೆ ಚಳಿಯಾಗುತ್ತಿತ್ತು. ಪುಂಗೋಲ್ ಬಂದದ್ದೇ, ಅತ್ತೆ ನನ್ನನ್ನು ಬಿಟ್ಟು ಸಣ್ಣ ಸಣ್ಣ ಹೆಜ್ಜೆಯಲ್ಲಿ ಸ್ಟೇಷನ್ನಿನ ಟಾಯ್ಲೆಟ್ಟಿನ ಕಡೆ ಓಡಿದರು. ನಾನು ಹೂವಿನ ಚೀಲ ಹಿಡಿದು ಹೊರಗೆ ನಿಂತೆ. ಫ್ರಿಜ್ಜಿನ ಅಷ್ಟೂ ಕರಿಬೇವು ಆಗ ಅರ್ಥವಾಯಿತು.

ಹೊರಗೆ ಬಂದ ಅತ್ತೆ ನನ್ನ ಮುಖ ನೋಡಲಿಲ್ಲ. ಅಲ್ಲೇ ಬೆಂಚಿನ ಮೇಲೆ ಕೂತರು.

"ಎಷ್ಟು ದಿನದಿಂದ ಅತ್ತೆ?"

"ಎರಡು ವರ್ಷ ಆಯ್ತು. ತಡೆಯೋಕೆ ಆಗಲ್ಲ. ಎಲ್ಲೆಲ್ಲಿ ಇದೆ ಅಂತ ನೋಡ್ಕೊಂಡೇ ಮನೆ ಬಿಡೋದು." ಹೂವಿನ ಚೀಲದ ಹಿಡಿ ಸರಿ ಮಾಡಿದರು. "ಅವನಿಗೆ ಹೇಳ್ಬೇಡ. ಮಗನ ಹತ್ರ ಇದನ್ನೆಲ್ಲ ಹೇಳೋದು ಹೇಗೆ? ಮಡಿ ಅಂದ್ರೆ ಯಾರೂ ಕೇಳಲ್ಲ."

ಇಡೀ ಊರನ್ನು ಬಚ್ಚಲಿನಿಂದ ಬಚ್ಚಲಿಗೆ ಅಳೆದುಕೊಂಡು, ನಮ್ಮ ತಮಾಷೆಗೆ ನಗುತ್ತಾ ಬದುಕಿದ್ದಾರೆ ಈ ಹೆಂಗಸು. ಮರುದಿನವೇ ಪಾಲಿಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಡಾಕ್ಟರು ಹೆಂಗಸೇ. ಈ ವಯಸ್ಸಿನಲ್ಲಿ ಬೇಕಾದಷ್ಟು ಜನಕ್ಕೆ ಇರುವಂಥದೇ ಎಂದು ಹೇಳಿ, ಮಾತ್ರೆ ಕೊಟ್ಟು ವ್ಯಾಯಾಮ ಹೇಳಿಕೊಟ್ಟರು. "ಬೇಕಾದಷ್ಟು ಜನಕ್ಕಾ?" ಎಂದು ಅತ್ತೆ ನನ್ನ ಕೈಲಿ ಎರಡು ಸಲ ಕೇಳಿಸಿದರು.

ಗಂಡನಿಗೆ ನಾನು ಹೇಳಿದ್ದು ಇಷ್ಟೇ: "ರೂಮು ಊರೊಳಗೇ ಬೇಕು. ಟಿಕೆಟ್ ಮುಟ್ಟಬೇಡಿ. ನಾನು ಹುಡುಕ್ತೀನಿ."

ಈಗ ಏನು ಹುಡುಕಬೇಕೆಂದು ನನಗೆ ಗೊತ್ತಿತ್ತು. ಬಿಳೀ ಹಾಸಿಗೆ, ಬೆಳಗಿನ ತಿಂಡಿ, ಕಿಟಕಿಯ ನೋಟ ಎಲ್ಲವನ್ನೂ ಬಿಟ್ಟೆ. ಹಳೆಯ ಮನೆಯೊಂದರ ಮೊದಲ ಮಹಡಿಯಲ್ಲಿ ನಾಲ್ಕು ಮಂಚದ ಒಂದೇ ಕೋಣೆ ಕಂಡಿತು. ದೊಡ್ಡ ಚೌಕದಿಂದ ಎರಡು ಗಲ್ಲಿ ಆಚೆ, ಮನೆಯೊಡತಿ ಕೆಳಗೇ ಇರುವವಳು. ನೆಲ ವಾಲಿದೆ, ಪಕ್ಕದ ಚರ್ಚಿನ ಗಂಟೆ ನಿದ್ದೆಗೆಡಿಸುತ್ತದೆ ಎಂದು ಬಂದವರೆಲ್ಲ ಬೈದಿದ್ದರು. ಅದಕ್ಕೇ ನಮ್ಮ ಕೈಗೆಟಕಿತು. ಆದರೆ ಬೈದವರಲ್ಲಿ ಒಬ್ಬರೂ ಕೊಳಕು ಅಂದಿರಲಿಲ್ಲ. ಟೆಸ್ಟಿಂಗ್ ಮಾಡುವವರು ಗಮನಿಸುವುದು ಅಂಥದನ್ನೇ.

"ಗಂಟೆ ಹೊಡ್ಕೊಳತ್ತಂತೆ ಕಣೇ" ಅಂದರು ಗಂಡ.

"ದೇವಸ್ಥಾನದ ಬೀದೀಲಿ ಹುಟ್ಟಿದವರು ನೀವು. ಗಂಟೆಗೆ ಹೆದರ್ತೀರಾ?"

ಮನೆಯೊಡತಿಗೆ ಬರೆದೆ: ನಮ್ಮತ್ತೆಗೆ ಆಗಾಗ ಬಚ್ಚಲಿಗೆ ಹೋಗಬೇಕಾಗುತ್ತದೆ, ಅದು ಕೋಣೆಯೊಳಗೇ ಇದೆಯೇ, ಹಗಲಲ್ಲಿ ಎಷ್ಟು ಸಲ ಬಂದು ಹೋದರೂ ನಡೆಯುತ್ತದೆಯೇ? ಉತ್ತರ ಬೇಗ ಬಂತು: ಕೋಣೆಯೊಳಗೇ ಇದೆ, ಬೀಗದ ಕೈ ಅವರ ಬಳಿಯೇ ಇರಲಿ, ನಾನೂ ಅವರ ವಯಸ್ಸಿನವಳೇ. ಅದನ್ನು ಅತ್ತೆಗೆ ಕನ್ನಡದಲ್ಲಿ ಓದಿ ಹೇಳಿದೆ.

"ಏನಂತ ಬರೆದಿದ್ದೆ ಅವಳಿಗೆ?"

"ಇದ್ದದ್ದು ಇದ್ದ ಹಾಗೆ."

"ಪರವಾಗಿಲ್ಲ ಬಿಡು. ಅವಳೇನು ನಮ್ಮ ಪೈಕಿಯವಳಲ್ಲ." ಅತ್ತೆ ಒಳಗೆ ಹೋಗಿ ಸ್ವೆಟರ್ ತೆಗೆದಿಟ್ಟರು.

ವೆನಿಸ್‌ನಲ್ಲಿ ಅತ್ತೆ ಆ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಓಡಾಡಿದರು. ಬಚ್ಚಲಿನಲ್ಲಿ ಕುಂಡಿ ತೊಳೆಯಲೆಂದೇ ಇದ್ದ ಪುಟ್ಟ ತೊಟ್ಟಿಯನ್ನು ಕಾಲು ತೊಳೆಯಲು ಇಟ್ಟಿದ್ದಾರೆಂದು ಮೆಚ್ಚಿ, ಹೊರಗಿನಿಂದ ಬಂದಾಗಲೆಲ್ಲ ಅದರಲ್ಲಿ ಕಾಲು ತೊಳೆದರು. ನಾನು ತಿದ್ದಲಿಲ್ಲ. ದಿನಕ್ಕೆ ಹಲವು ಸಲ ಕೋಣೆಗೆ ಬಂದೆವು. ಪ್ರತಿ ಸಲವೂ ಮೊದಲು ಹೊಸಲು ದಾಟಿ ಹೊರಟವರು ಅವರೇ. ತಾವು ಕಡ್ಡಿಯಲ್ಲಿ ಕಟ್ಟಿದ್ದ ಸೇತುವೆಯ ಮೇಲೆ ನಿಂತು ಬಹಳ ಹೊತ್ತು ನೀರು ನೋಡಿ, "ನಾನು ಮಾಡಿದ್ರಲ್ಲಿ ಮೆಟ್ಟಿಲು ಕಮ್ಮಿ ಆಯ್ತು" ಅಂದರು. ಅವರ ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ವಾಪಸ್ ಬಂದ ಮೇಲೆ ಒಂದು ಭಾನುವಾರ ಲಿಟಲ್ ಇಂಡಿಯಾದಿಂದ ನಾಲ್ವರೂ ರೈಲಿನಲ್ಲಿ ಬರುತ್ತಿದ್ದೆವು. ಹೌಗಾಂಗ್ ಬಂತು. ಅತ್ತೆ ಎದ್ದರು.

ಗಂಡ ಫೋನಿನಿಂದ ತಲೆಯೆತ್ತದೆ, "ಅಮ್ಮ, ಮತ್ತೆ ಕರಿಬೇವಾ?" ಅಂದರು.

"ಕರಿಬೇವಿಗಲ್ಲ ಕಣೋ. ನಂಗೆ ಟಾಯ್ಲೆಟ್‌ಗೆ ಹೋಗ್ಬೇಕು. ತಡೆಯೋಕೆ ಆಗಲ್ಲ. ಎಲ್ಲರೂ ಇಳೀರಿ."

ಎಲ್ಲರೂ ಇಳಿದೆವು. ಅತ್ತೆ ಒಳಗೆ ಹೋದರು. ಗಂಡ ಫೋನು ಜೇಬಿಗೆ ಹಾಕಿ ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಅವರು ಅಮ್ಮ ಹೊರಗೆ ಬರುವವರೆಗೆ ಅವರ ಚೀಲ ಹಿಡಿದು ನಿಂತರು.

ಆ ಸಂಜೆ ಸಾರಿಗೆ ಒಗ್ಗರಣೆ ಹಾಕಲು ಫ್ರಿಜ್ ತೆಗೆದರೆ, ಮನೆಯಲ್ಲಿ ಒಂದೆಸಳೂ ಕರಿಬೇವಿರಲಿಲ್ಲ.